ಕಿಲೋಮೀಟರಿಗೆ ಇಪ್ಪತ್ತೈದು ರೂಪಾಯಿ

ಮಕ್ಕಳೇ, ಒಂದು ಕಾರಿನ ಬೆಲೆ ಎಷ್ಟು ಎಂದು ಕೇಳಿದರೆ ನೀವು ಅಂಗಡಿಯವರು ಹೇಳುವ ಬೆಲೆಯನ್ನು ಹೇಳುತ್ತೀರಿ. ಅದು ಕಾರನ್ನು ಮನೆಗೆ ತರುವ ಬೆಲೆ. ಮನೆಯಲ್ಲಿ ಇಟ್ಟುಕೊಳ್ಳುವ ಬೆಲೆ ಬೇರೆಯೇ ಇದೆ. ಎಮ್ಮೆ ಕೊಂಡವರು ಎಮ್ಮೆಯ ಬೆಲೆಯ ಜೊತೆಗೆ ಹುಲ್ಲು, ಹಿಂಡಿ, ಬೂಸಾ, ದನದ ಡಾಕ್ಟರ ಖರ್ಚು ಎಲ್ಲವನ್ನೂ ಸೇರಿಸಿ ಹಾಲಿನ ಲೆಕ್ಕ ನೋಡುತ್ತಾರಲ್ಲವೇ? ಕಾರಿಗೂ ಅದೇ ಲೆಕ್ಕ.

ನಮ್ಮ ಮನೆಯಲ್ಲಿ ಒಂದು ಪೆಟ್ರೋಲ್ ಅಂಬಾಸಿಡರ್ ಕಾರು ಇದೆ. 1991ರಲ್ಲಿ ಕೊಂಡದ್ದು, ಈಗ 35 ವರ್ಷ. ಮನೆ ಇರುವುದು ಚಾಮರಾಜನಗರದಲ್ಲಿ, ನನ್ನ ತವರು ಗುಂಡ್ಲುಪೇಟೆ. ನಮ್ಮ ಯಜಮಾನರದು ಅರಿಶಿನದ ವ್ಯಾಪಾರ, ನನ್ನದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ. ಹಾಗಾಗಿ ಮೊದಲ ದಿನದಿಂದಲೂ ಸ್ಟಿಯರಿಂಗ್ ಅವರ ಕೈಯಲ್ಲಿ, ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ. ಯಾವ ದಿನ ಎಷ್ಟು ಲೀಟರ್ ಹಾಕಿಸಿದೆವು, ಎಲ್ಲಿಗೆ ಹೋದೆವು, ಯಾವ ಸಾಮಾನು ಬದಲಾಯಿತು, ಎಲ್ಲವೂ ಅದರಲ್ಲಿದೆ. ಈಗ ನಡೆಯುತ್ತಿರುವುದು ನಾಲ್ಕನೆಯ ಪುಸ್ತಕ.

ಈ ವರ್ಷ ಆ ನಾಲ್ಕನ್ನೂ ಮೊದಲಿನಿಂದ ಓದಬೇಕಾಯಿತು. ಕಾರಣ ಇಷ್ಟು. ಸ್ವಂತ ಬಳಕೆಯ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ ಇರುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಒ. ಕಚೇರಿಗೆ ಕಾರನ್ನು ಒಯ್ದು, ತಪಾಸಣೆ ಮಾಡಿಸಿ, ನವೀಕರಿಸಬೇಕು. ನಮ್ಮದು 2006, 2011, 2016, 2021ರಲ್ಲಿ ಹಾಗೆ ನವೀಕರಣಗೊಂಡಿತ್ತು. 2021ರಲ್ಲಿ ಅದಕ್ಕೆ ಕಟ್ಟಿದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್ 1ರಿಂದ ಆ ಶುಲ್ಕ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಹಳೆಯ ಬಂಡಿಗಳನ್ನು ಜನ ಬಿಡಲಿ ಎಂಬುದು ಸರ್ಕಾರದ ಉದ್ದೇಶ.

"ಹತ್ತು ಸಾವಿರ ಕಟ್ಟಿ ಈ ಆನೆಯನ್ನು ಇನ್ನೂ ಐದು ವರ್ಷ ಸಾಕಬೇಕಾ ಅಮ್ಮ?" ಎಂದ ಮಗ. ಯಜಮಾನರು ಪೇಪರ್ ಓದುತ್ತಿದ್ದವರು ತಲೆ ಎತ್ತಲಿಲ್ಲ. ಅವರಿಗೆ ಈಗ 78. ಕಾರು ಓಡಿಸುವುದನ್ನು ಬಿಟ್ಟು ಮೂರು ವರ್ಷವಾಯಿತು, ಆದರೆ ದಿನಾ ಬೆಳಿಗ್ಗೆ ಕಾರು ಒರೆಸುವುದನ್ನು ಬಿಟ್ಟಿಲ್ಲ. ಎಂಟನೆಯ ತರಗತಿಯ ಮೊಮ್ಮಗಳು ಮಾತ್ರ, "ಅಜ್ಜಿ, ಸುಮ್ಮನೆ ಮಾತಾಡೋ ಬದಲು ಲೆಕ್ಕ ಹಾಕಿ ನೋಡೋಣ" ಎಂದಳು. ಅವಳು ಹಾಕಿದ ಲೆಕ್ಕವೇ ಈ ಲೇಖನ.

ಎಂಥ ಬಂಡಿ ಇದು?

ಹಿಂದೂಸ್ಥಾನ್ ಮೋಟಾರ್ಸ್ ಕಂಪನಿ ಶುರುವಾದದ್ದು 1942ರಲ್ಲಿ. ಅಂಬಾಸಿಡರ್ ತಯಾರಾಗುತ್ತಿದ್ದದ್ದು ಪಶ್ಚಿಮ ಬಂಗಾಳದ ಉತ್ತರಪಾರದ ಕಾರ್ಖಾನೆಯಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರೇ ಇದರ ಮೂಲ. 1950ರ ದಶಕದ ಕೊನೆಯಲ್ಲಿ ರಸ್ತೆಗಿಳಿದ ಅಂಬಾಸಿಡರ್ 2014ರ ಮೇ ತಿಂಗಳವರೆಗೂ ತಯಾರಾಯಿತು. ಮಂತ್ರಿಗಳಿಗೂ ಅದೇ, ಜಿಲ್ಲಾಧಿಕಾರಿಗಳಿಗೂ ಅದೇ, ಟ್ಯಾಕ್ಸಿಯವರಿಗೂ ಅದೇ. ಹೊರದೇಶಗಳಲ್ಲಿ ಹಿಂಬದಿಯನ್ನು ಉದ್ದ ಮಾಡಿ, ಸಾಮಾನು ತುಂಬಲು ಹಿಂದೆಯೂ ಒಂದು ಬಾಗಿಲಿಟ್ಟ ದೊಡ್ಡ ಕಾರುಗಳನ್ನು ಎಸ್ಟೇಟ್ ಕಾರು ಎನ್ನುತ್ತಾರೆ. ಅಂಬಾಸಿಡರಿನಲ್ಲೂ ಆ ಮಾದರಿ ಇತ್ತು. ನಮ್ಮದು ಮಾಮೂಲಿ ಡಿಕ್ಕಿಯದು. ಆದರೂ ಕೆಲಸ ಮಾಡಿದ್ದು ಮಾತ್ರ ಎಸ್ಟೇಟ್ ಕಾರಿನದೇ. ಡಿಕ್ಕಿಯಲ್ಲಿ ಅರಿಶಿನದ ಮಾದರಿ ಚೀಲಗಳು, ತಲೆಯ ಮೇಲೆ ಕ್ಯಾರಿಯರ್, ಒಳಗೆ ಇಡೀ ಸಂಸಾರ.

ಆಗ ಮಾರುತಿ ಕಾರು ಬಂದಾಗಿತ್ತು. ಅದು ಪೆಟ್ರೋಲ್ ಕಡಿಮೆ ಕುಡಿಯುತ್ತದೆ ಎಂದು ಎಲ್ಲರೂ ಹೇಳಿದರು. ಯಜಮಾನರು ಒಪ್ಪಲಿಲ್ಲ. ಮನೆಯಲ್ಲಿ ಅತ್ತೆ ಮಾವ ಸೇರಿ ಎಂಟು ಜನ. ರಸ್ತೆ ಎಂದರೆ ಗುಂಡಿಗಳ ನಡುವೆ ಅಲ್ಲಲ್ಲಿ ಡಾಂಬರು. ಕೆಟ್ಟು ನಿಂತರೆ ತೆರಕಣಾಂಬಿಯಲ್ಲೂ ರಿಪೇರಿ ಮಾಡುವವರು ಸಿಗಬೇಕು. ಈ ಮೂರಕ್ಕೂ ಆಗ ಉತ್ತರ ಅಂಬಾಸಿಡರ್. ಕೊಟ್ಟ ಬೆಲೆ ಒಂದೂವರೆ ಲಕ್ಷದ ಆಸುಪಾಸು. ನಮ್ಮ ಜಿಲ್ಲೆ ಆಗಿನ್ನೂ ಹುಟ್ಟಿರಲಿಲ್ಲ. ಆದ್ದರಿಂದ ಕಾರಿನ ನಂಬರು ಈಗಿನ ಕೆಎ 10 ಅಲ್ಲ, ಮೈಸೂರಿನ ಕೆಎ 09.

ಪೆಟ್ರೋಲಿನ ಪುಟಗಳು

ಮೊದಲ ಪುಸ್ತಕದ ಮೊದಲ ಪುಟದಲ್ಲಿ ಪೆಟ್ರೋಲ್ ಲೀಟರಿಗೆ 15 ರೂಪಾಯಿಯ ಹತ್ತಿರ ಇದೆ. ಆಗ ಬೆಲೆ ನಿಗದಿ ಮಾಡುತ್ತಿದ್ದದ್ದು ಕೇಂದ್ರ ಸರ್ಕಾರ. ಏರಿದ ದಿನ ರೇಡಿಯೋದಲ್ಲಿ ಸುದ್ದಿ, ಬಂಕಿನ ಮುಂದೆ ಸಾಲು. 2010ರ ಜೂನ್‌ನಲ್ಲಿ ಆ ಹಿಡಿತ ಹೋಯಿತು. 2017ರ ಜೂನ್‌ನಿಂದ ಬೆಲೆಯನ್ನು ದಿನವೂ ಪರಿಷ್ಕರಿಸುವ ಪದ್ಧತಿ ಬಂತು. ಈಗ ನೂರು ದಾಟಿದೆ. ನಮ್ಮ ಲೆಕ್ಕಕ್ಕೆ 103 ರೂಪಾಯಿ ಎಂದು ಇಟ್ಟುಕೊಂಡೆವು.

ಕಾರು ಹೊಸದರಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಓಡುತ್ತಿತ್ತು. ಈಗ ಒಂಬತ್ತು. 103ನ್ನು 9ರಿಂದ ಭಾಗಿಸಿ ನೋಡಿ. ಕಿಲೋಮೀಟರಿಗೆ 11 ರೂಪಾಯಿ 44 ಪೈಸೆ. ನಮ್ಮ ಮನೆಯಿಂದ ಗುಂಡ್ಲುಪೇಟೆಗೆ ಸುಮಾರು 36 ಕಿಲೋಮೀಟರ್. ಹೋಗಿ ಬಂದರೆ 72. ಎಂಟು ಲೀಟರ್ ಪೆಟ್ರೋಲ್, 824 ರೂಪಾಯಿ.

ಪೆಟ್ರೋಲ್ ಕೂಡ ಇಷ್ಟು ವರ್ಷ ಒಂದೇ ತರಹ ಇರಲಿಲ್ಲ. ಮೊದಲು ಅದರಲ್ಲಿ ಸೀಸದ ಅಂಶ ಬೆರೆಸುತ್ತಿದ್ದರು. ಇಂಜಿನ್ ನಯವಾಗಿ ಓಡಲಿ ಎಂದು ಹಾಕುತ್ತಿದ್ದ ಆ ಸೀಸ ಹೊಗೆಯ ಜೊತೆ ಗಾಳಿಗೆ ಸೇರಿ, ಉಸಿರಾಡುವ ಮಕ್ಕಳ ಮಿದುಳಿಗೆ ಕೇಡು ಮಾಡುತ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಮಕ್ಕಳಿಗೆ ಅದು ಒಳ್ಳೆಯದಾಯಿತು, ಹಳೆಯ ಇಂಜಿನ್‌ಗಳಿಗೆ ಸ್ವಲ್ಪ ಕಷ್ಟವಾಯಿತು. ಇಂಜಿನ್ನಿನ ವಾಲ್ವ್‌ಗಳು ಬಡಿದು ಕೂರುವ ಜಾಗಕ್ಕೆ ಸೀಸ ಒಂದು ತೆಳು ಹೊದಿಕೆಯಂತೆ ಕೆಲಸ ಮಾಡುತ್ತಿತ್ತು. ಅದು ಹೋದ ಮೇಲೆ ಆ ಜಾಗ ಬೇಗ ಸವೆಯುತ್ತದೆ. ಅದಕ್ಕೇ 2001ರಲ್ಲಿ ಇಂಜಿನ್ ಬಿಚ್ಚಿದಾಗ ಗಟ್ಟಿ ಲೋಹದ ವಾಲ್ವ್ ಸೀಟುಗಳನ್ನು ಹಾಕಿಸಿದೆವು.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಕಬ್ಬಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ತೆಗೆಯುವ ಮದ್ಯಸಾರ ಅದು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ಮೈಲೇಜ್ ಕೊಂಚ ಇಳಿಯುತ್ತದೆ. ಹಳೆಯ ಕಾಲದ ರಬ್ಬರ್ ಪೈಪುಗಳು ಎಥೆನಾಲಿಗೆ ತಡೆಯುವುದಿಲ್ಲ. ನಮ್ಮ ಕಾರಿನ ಪೆಟ್ರೋಲ್ ಪೈಪುಗಳನ್ನೂ ಪಂಪಿನ ರಬ್ಬರನ್ನೂ ಬದಲಾಯಿಸಿದ್ದೇವೆ.

ಒದ್ದೆ ಬಟ್ಟೆ ಮತ್ತು ದಿಂಬಂ ಘಾಟಿ

ಅರಿಶಿನದ ದೊಡ್ಡ ಮಾರುಕಟ್ಟೆ ತಮಿಳುನಾಡಿನ ಈರೋಡಿನಲ್ಲಿದೆ. ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲದ ಮೇಲೆ ಹೋಗಬೇಕು. ಹೋಗುವಾಗ ಇಳಿಜಾರು, ಬರುವಾಗ ಏರು. ಬೇಸಿಗೆಯಲ್ಲಿ ಏರುವಾಗ ಹತ್ತನೆಯದೋ ಹನ್ನೆರಡನೆಯದೋ ತಿರುವಿನಲ್ಲಿ ಕಾರು ಕೆಮ್ಮಿ ನಿಲ್ಲುತ್ತಿತ್ತು. ಮಕ್ಕಳು ಹೆದರುತ್ತಿದ್ದರು. ಯಜಮಾನರು ಮಾತ್ರ ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಕಾರು ಮತ್ತೆ ಹೊರಡುತ್ತಿತ್ತು.

ಅದರ ಗುಟ್ಟು ಏನು ಗೊತ್ತೇ? ಆ ಕಾಲದ ಕಾರುಗಳಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಏರಿನಲ್ಲಿ ಇಂಜಿನ್ ಕಾದಾಗ ಪೈಪಿನೊಳಗಿನ ಪೆಟ್ರೋಲ್ ಅಲ್ಲೇ ಆವಿಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನು ತಳ್ಳಲಾರದು. ಒದ್ದೆ ಬಟ್ಟೆ ಹಾಕಿದರೆ ನೀರು ಆರುತ್ತಾ ಶಾಖವನ್ನು ಹೀರಿಕೊಳ್ಳುತ್ತದೆ, ಆವಿ ಮತ್ತೆ ದ್ರವವಾಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ಕಾರಣಕ್ಕೆ.

ಓಡಿದರೆ ಸವೆತ, ನಿಂತರೆ ಕೆಡುಕು

ಕಾರಿಗೆ ಐದು ಅಂಕಿಯ ಮೀಟರ್. 99,999 ಆದ ಮೇಲೆ ಮತ್ತೆ ಸೊನ್ನೆ. ಈಗ ಅದು 58,000 ತೋರಿಸುತ್ತಿದೆ. ಎರಡು ಸಲ ಸೊನ್ನೆಗೆ ಬಂದಿದೆ ಎಂದರೆ ನಿಜವಾಗಿ ಓಡಿದ್ದು ಎಷ್ಟು? ಹೌದು, 2,58,000 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000. ನಮ್ಮ ಕಾರು ಭೂಮಿಯನ್ನು ಆರು ಸುತ್ತು ಮುಗಿಸಿ ಏಳನೆಯ ಸುತ್ತಿನಲ್ಲಿದೆ. ಚಂದ್ರನನ್ನು ಮುಟ್ಟಲು ಇನ್ನೂ ಒಂದೂಕಾಲು ಲಕ್ಷ ಕಿಲೋಮೀಟರ್ ಬಾಕಿ.

ಇಷ್ಟು ಓಡಿದ ಇಂಜಿನ್ ಸವೆಯದೆ ಇರುತ್ತದೆಯೇ? ಪಿಸ್ಟನ್ ಮೇಲೆ ಕೆಳಗೆ ಉಜ್ಜಿ ಉಜ್ಜಿ ಸಿಲಿಂಡರಿನ ಒಳಗೋಡೆ ಅಗಲವಾಗುತ್ತದೆ. ಆಗ ಇಂಜಿನ್ ಆಯಿಲ್ ಒಳಗೆ ನುಸುಳಿ ಉರಿದು ನೀಲಿ ಹೊಗೆ ಬರುತ್ತದೆ. ಲೇತ್ ಅಂಗಡಿಯಲ್ಲಿ ಆ ಗೋಡೆಯನ್ನು ಸಮನಾಗಿ ಕೊರೆದು, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದಕ್ಕೆ 'ಬೋರ್ ಮಾಡಿಸುವುದು' ಎನ್ನುತ್ತಾರೆ. ನಮ್ಮದಕ್ಕೆ 2001ರಲ್ಲಿ ಒಮ್ಮೆ, 2012ರಲ್ಲಿ ಒಮ್ಮೆ ಆಗಿದೆ. ಗೋಡೆ ತೆಳುವಾಗುತ್ತಾ ಹೋಗುವುದರಿಂದ ಬೇಕಾದಷ್ಟು ಸಲ ಹೀಗೆ ಕೊರೆಯಲು ಆಗುವುದಿಲ್ಲ.

ಓಡದೆ ನಿಂತರೆ ಖರ್ಚಿಲ್ಲ ಎಂದು ನಾವು ತಿಳಿಯುತ್ತೇವೆ. ಗುಂಡ್ಲುಪೇಟೆಯಲ್ಲಿ ನಮ್ಮ ಕಾರನ್ನು ಮೊದಲಿನಿಂದ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರದು ಒಂದೇ ಮಾತು: "ಓಡ್ಸುದ್ರೆ ಸವೀತದೆ, ನಿಲ್ಸುದ್ರೆ ಕೆಡ್ತದೆ ಕನ್ರಮ್ಮ." ನಿಂತ ಕಾರಿನ ಬ್ಯಾಟರಿ ತಾನಾಗಿ ಇಳಿಯುತ್ತದೆ. ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಆರಿ ಅಂಟು ಕಟ್ಟುತ್ತದೆ. ಬ್ರೇಕಿನ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ಬಾನೆಟ್ಟಿನ ಒಳಗೆ ಇಲಿ ಸಂಸಾರ ಹೂಡಿ ವೈರು ಕಡಿಯುತ್ತದೆ. ನಮ್ಮ ಮೂರನೆಯ ಪುಸ್ತಕದಲ್ಲಿ ಇಲಿಯ ಹೆಸರಿನಲ್ಲೇ ನಾಲ್ಕು ಖರ್ಚುಗಳಿವೆ.

11 ಸಿಸಿಯ ಲಾಭ

ವಿಮೆಯ ವಿಷಯದಲ್ಲಿ ನಮ್ಮ ಕಾರಿಗೆ ಒಂದು ಅದೃಷ್ಟವಿದೆ. ರಸ್ತೆಗಿಳಿಯುವ ಪ್ರತಿ ಕಾರಿಗೂ 'ಥರ್ಡ್ ಪಾರ್ಟಿ' ವಿಮೆ ಕಡ್ಡಾಯ. ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಸಿಗಲಿ ಎಂದು ಅದು. ಅದರ ದರ ಇಂಜಿನ್ನಿನ ಗಾತ್ರದ ಮೇಲೆ ನಿಂತಿದೆ. 1000ದಿಂದ 1500 ಸಿಸಿವರೆಗೆ ವರ್ಷಕ್ಕೆ 3,416 ರೂಪಾಯಿ. 1500 ದಾಟಿದರೆ 7,897. ನಮ್ಮ ಅಂಬಾಸಿಡರಿನ ಇಂಜಿನ್ 1489 ಸಿಸಿ. ಬರೀ 11 ಸಿಸಿಯ ಅಂತರದಲ್ಲಿ ವರ್ಷಕ್ಕೆ 4,481 ರೂಪಾಯಿ ಉಳಿಯುತ್ತದೆ. ಆಮೇಲೆ ಬಂದ 1817 ಸಿಸಿಯ ಇಸುಜು ಇಂಜಿನ್ನಿನ ಅಂಬಾಸಿಡರ್ ಆಗಿದ್ದರೆ ದೊಡ್ಡ ದರವೇ ಕಟ್ಟಬೇಕಿತ್ತು. ತೆರಿಗೆ ಸೇರಿ ನಮ್ಮ ವಿಮೆಗೆ ಸುಮಾರು 4,000 ಆಗುತ್ತದೆ.

ಒಂದು ವರ್ಷದ ಲೆಕ್ಕ

ಕಳೆದ ಹತ್ತು ವರ್ಷಗಳಿಂದ ಕಾರು ವರ್ಷಕ್ಕೆ 1,800 ಕಿಲೋಮೀಟರ್ ಮಾತ್ರ ಓಡುತ್ತಿದೆ. ಅಂದರೆ ಗುಂಡ್ಲುಪೇಟೆಗೆ 25 ಸಲ ಹೋಗಿಬಂದಷ್ಟು. ಮೊಮ್ಮಗಳು ಹೀಗೆ ಬರೆದಳು:

ಪೆಟ್ರೋಲ್, 200 ಲೀಟರ್: 20,600
ಆಯಿಲ್, ಗ್ರೀಸ್, ಸರ್ವಿಸ್, ರಿಪೇರಿ: 12,600
ವಿಮೆ: 4,000
ಟೈರು (ಐದು ವರ್ಷಕ್ಕೆ 20,000): 4,000
ನೋಂದಣಿ ನವೀಕರಣ (ಐದು ವರ್ಷಕ್ಕೆ 10,000): 2,000
ಬ್ಯಾಟರಿ (ನಾಲ್ಕು ವರ್ಷಕ್ಕೆ 6,000): 1,500
ಹೊಗೆ ತಪಾಸಣೆ, ಆರು ತಿಂಗಳಿಗೊಮ್ಮೆ: 300
ಒಟ್ಟು: 45,000 ರೂಪಾಯಿ

45,000ವನ್ನು 1,800ರಿಂದ ಭಾಗಿಸಿದಳು. ಕಿಲೋಮೀಟರಿಗೆ 25 ರೂಪಾಯಿ!

ಬಂಕಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಪೆಟ್ರೋಲ್ ಖರ್ಚು ಹನ್ನೊಂದೂವರೆ ಮಾತ್ರ. ಅದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಒಂದೊಂದಾಗಿ, ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಜೇಬಿನಿಂದ ಹೋಗುವುದರಿಂದ ಕಾಣುವುದೇ ಇಲ್ಲ. ಅದರಲ್ಲೂ ವಿಮೆ, ನೋಂದಣಿ, ಬ್ಯಾಟರಿ, ಹೊಗೆ ತಪಾಸಣೆ ಈ ನಾಲ್ಕು ಕಾರು ಓಡಿದರೂ ಬರುತ್ತವೆ, ನಿಂತರೂ ಬರುತ್ತವೆ. ಅವುಗಳ ಮೊತ್ತ 7,800. ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ ಆ ಖರ್ಚು ಕಿಲೋಮೀಟರಿಗೆ 65 ಪೈಸೆ. 1,800 ಮಾತ್ರ ಓಡಿದರೆ 4 ರೂಪಾಯಿ 33 ಪೈಸೆ.

ಹಾಗಾದರೆ ಕಾರು ಓಡುವುದು ಯಾಕೆ ಕಡಿಮೆಯಾಯಿತು? ಇದಕ್ಕೆ ಉತ್ತರ ಹುಡುಕಿದಾಗ ನನಗೇ ಆಶ್ಚರ್ಯವಾಯಿತು.

ಪುಸ್ತಕದಲ್ಲಿ ಕಂಡ ನಮ್ಮ ಜಿಲ್ಲೆ

ಮೊದಲ ಆರು ವರ್ಷದ ಪುಟಗಳಲ್ಲಿ ಪದೇ ಪದೇ ಬರುವ ಊರು ಮೈಸೂರು. ಜಮೀನಿನ ಕಾಗದ, ಶಿಕ್ಷಣ ಇಲಾಖೆಯ ಕೆಲಸ, ಆರ್.ಟಿ.ಒ., ಎಲ್ಲಕ್ಕೂ ಜಿಲ್ಲಾ ಕೇಂದ್ರವಾದ ಮೈಸೂರಿಗೇ ಓಡಬೇಕಿತ್ತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಆಮೇಲಿನ ಪುಟಗಳಲ್ಲಿ ಮೈಸೂರು ನಿಧಾನವಾಗಿ ಕಡಿಮೆಯಾಗುತ್ತದೆ.

ಕೆಲವು ಸಾಲುಗಳ ಮುಂದೆ 'ಆ' ಎಂದು ಬರೆದಿದ್ದೇನೆ. ಆ ಎಂದರೆ ಆಸ್ಪತ್ರೆ. ಬೀದಿಗೆಲ್ಲ ಒಂದೇ ಕಾರು ಇದ್ದ ಕಾಲ. ಹೆರಿಗೆ ನೋವು, ಹಾವು ಕಡಿತ, ಎದೆನೋವು ಏನೇ ಬಂದರೂ ರಾತ್ರಿ ನಮ್ಮ ಬಾಗಿಲು ಬಡಿಯುತ್ತಿದ್ದರು. ಮೈಸೂರಿಗೆ 60 ಕಿಲೋಮೀಟರ್. ಯಜಮಾನರು ಪಂಚೆಯಲ್ಲೇ ಹೊರಡುತ್ತಿದ್ದರು. ಆ ಪಯಣಗಳಿಗೆ ಯಾರಿಂದಲೂ ಪೆಟ್ರೋಲಿನ ದುಡ್ಡು ತೆಗೆದುಕೊಳ್ಳಬಾರದು ಎಂಬುದು ನಮ್ಮ ಮಾವನವರು ಹಾಕಿದ ಕಟ್ಟಳೆ. ಮೊಮ್ಮಗಳು ಎಣಿಸಿದಳು. 1991ರಿಂದ 2008ರವರೆಗೆ ಅಂಥ ಸಾಲುಗಳು 63. ಆಮೇಲೆ ಇಲ್ಲಿಯವರೆಗೆ ಒಂಬತ್ತೇ ಒಂಬತ್ತು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾಗಿತ್ತು. 2016ರಲ್ಲಿ ನಮ್ಮ ಊರಿಗೇ ವೈದ್ಯಕೀಯ ಕಾಲೇಜು ಬಂತು.

ಕೊನೆಯದಾಗಿ 2023ರ ಜೂನ್ 11. ಅಂದಿನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ನಾನೂ ಮೊಮ್ಮಗಳೂ ತವರಿಗೆ ಹೊರಟರೆ ಬಸ್ಸಿನಲ್ಲಿ ಸೊನ್ನೆ ರೂಪಾಯಿ. ಕಾರಿನಲ್ಲಿ 72 ಕಿಲೋಮೀಟರಿಗೆ 25ರಂತೆ 1,800 ರೂಪಾಯಿ. ತೆರಕಣಾಂಬಿ ದಾಟಿದ ಮೇಲೆ ಚೆಂಡುಮಲ್ಲಿಗೆ, ಸೂರ್ಯಕಾಂತಿಯ ಹೊಲಗಳು ಬಸ್ಸಿನ ಎತ್ತರದ ಕಿಟಕಿಯಿಂದ ಇನ್ನೂ ಚೆನ್ನಾಗಿಯೇ ಕಾಣುತ್ತವೆ.

ನಮ್ಮ ಕಾರು ಕಿಲೋಮೀಟರಿಗೆ ದುಬಾರಿಯಾದದ್ದು ಪೆಟ್ರೋಲ್ ಏರಿದ್ದರಿಂದ ಮಾತ್ರ ಅಲ್ಲ. ಕಚೇರಿ ಹತ್ತಿರ ಬಂತು, ಆಸ್ಪತ್ರೆ ಹತ್ತಿರ ಬಂತು, ಬಸ್ಸು ಕೈಗೆಟುಕಿತು. ಕಾರಿಗೆ ಕೆಲಸ ಕಡಿಮೆಯಾಯಿತು. ಊರಿಗೆ ಅದು ಒಳ್ಳೆಯ ಸುದ್ದಿ ತಾನೇ?

ಬೇರೆ ದಾರಿಗಳು

ಮಗ ಹೇಳಿದಂತೆ ಇದನ್ನು ಮಾರಿ ಹೊಸ ಕಾರು ಕೊಂಡರೆ? ಹತ್ತು ಲಕ್ಷದ ಕಾರು, ಲೀಟರಿಗೆ 18 ಕಿಲೋಮೀಟರ್ ಎಂದುಕೊಳ್ಳೋಣ. ವರ್ಷಕ್ಕೆ 100 ಲೀಟರ್ ಸಾಕು, 10,300 ರೂಪಾಯಿ ಉಳಿತಾಯ. ಆದರೆ ಐದು ವರ್ಷದಲ್ಲಿ ಆ ಕಾರಿನ ಬೆಲೆ ಅರ್ಧಕ್ಕೆ ಇಳಿದರೆ ಐದು ಲಕ್ಷ ಹೋಯಿತು, ವರ್ಷಕ್ಕೆ ಒಂದು ಲಕ್ಷ. ನಮ್ಮ ಅಂಬಾಸಿಡರಿಗೆ ಕೊಟ್ಟ ಒಂದೂವರೆ ಲಕ್ಷವನ್ನು 35 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 4,286. ಒಂದು ವಸ್ತುವನ್ನು ಬಹುಕಾಲ ಬಳಸಿದರೆ ಆಗುವ ಲಾಭ ಇದು. ವರ್ಷಕ್ಕೆ 1,800 ಕಿಲೋಮೀಟರ್ ಓಡಲು ಹೊಸ ಕಾರು ಬೇಡ ಎಂಬುದು ಇಲ್ಲೇ ತೀರ್ಮಾನವಾಯಿತು. ಮಗನೂ ಒಪ್ಪಿದ.

ಇನ್ನು ಟ್ಯಾಕ್ಸಿ. ನಮ್ಮೂರಿನಲ್ಲಿ ನಮಗೆ ಹೇಳುವ ದರ ಕಿಲೋಮೀಟರಿಗೆ 15. 1,800 ಕಿಲೋಮೀಟರಿಗೆ 27,000. ಚಾಲಕರ ಬಾಟಾ, ಕಾಯುವ ದುಡ್ಡು ಸೇರಿಸಿದರೆ 32,000. ನಮ್ಮ ಕಾರಿಗಿಂತ 13,000 ಕಡಿಮೆ!

ಪುಸ್ತಕದಲ್ಲಿ ಇಲ್ಲದ ಖರ್ಚು

"ಇನ್ನೊಂದು ಕಾಲಂ ಬೇಕು ಅಜ್ಜಿ" ಎಂದಳು ಮೊಮ್ಮಗಳು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 200 ಲೀಟರಿಗೆ 460 ಕಿಲೋ. ಹೊಸ ಕಾರುಗಳ ಸೈಲೆನ್ಸರ್ ಪೈಪಿನಲ್ಲಿ ವಿಷದ ಅನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. 1991ರ ಕಾರಿನಲ್ಲಿ ಅದಿಲ್ಲ. ಅಪಘಾತವಾದರೆ ಉಬ್ಬಿ ಕಾಪಾಡುವ ಏರ್‌ಬ್ಯಾಗೂ ಇಲ್ಲ. ಹಿಂದೆ ಎಂಟು ಜನ ತುಂಬಿಕೊಂಡು ಹೋಗುತ್ತಿದ್ದ ಕಾರಿನಲ್ಲಿ ಈಗ ಐವರು ಮಾತ್ರ ಕೂರುತ್ತೇವೆ. ಹಿಂದಿನ ಸೀಟಿಗೂ ಬೆಲ್ಟ್ ಹಾಕಿಸಿದ್ದೇವೆ. ಈ ಕಾಲಂ ತುಂಬುವಾಗ ತಾತನ ಮುಖ ಸಣ್ಣದಾಯಿತು. ಆದರೂ ಅವರು, "ಬರಿ ಮಗಳೇ, ಲೆಕ್ಕ ಅಂದ್ಮೇಲೆ ಎಲ್ಲಾ ಬರೀಬೇಕು" ಎಂದರು.

ಮನೆಯವರ ತೀರ್ಮಾನ

ಪ್ರಶ್ನೆ ಈಗ ಸಣ್ಣದಾಗಿತ್ತು. ಟ್ಯಾಕ್ಸಿಗಿಂತ ವರ್ಷಕ್ಕೆ 13,000 ಹೆಚ್ಚು ಕೊಟ್ಟು ಈ ಕಾರನ್ನು ಇಟ್ಟುಕೊಳ್ಳಬೇಕೇ? ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಗಣಿತ ಬೆಲೆ ಎಷ್ಟು ಎಂದು ಹೇಳುತ್ತದೆ, ಕೊಡಬೇಕೋ ಬೇಡವೋ ಎಂಬುದನ್ನು ನಾವು ಹೇಳಬೇಕು.

ನಾನು ಯಜಮಾನರನ್ನೇ ಕೇಳಿದೆ. ಅವರು ತುಂಬಾ ಹೊತ್ತು ಯೋಚಿಸಿ, "ಮಾಡ್ಸಿದ್ರೆ ಒಂದು ಮಿತಿ ಹಾಕ್ಕೊಂಡು ಮಾಡ್ಸೋಣ. ಇಲ್ಲಾಂದ್ರೆ ನಾನಿದ್ದಷ್ಟು ದಿನ ನೀವು ನನ್ನ ಮುಖ ನೋಡ್ಕೊಂಡು ದುಡ್ಡು ಸುರೀತೀರ" ಎಂದರು. ಅವರ ಬಾಯಲ್ಲಿ ಆ ಮಾತು ಬಂದದ್ದು ನಮಗೆಲ್ಲ ದೊಡ್ಡದಾಗಿ ಕಂಡಿತು.

ನಾಲ್ಕು ನಿಯಮ ಬರೆದೆವು. ಒಂದು, ನಾಲ್ವರಿಗಿಂತ ಕಡಿಮೆ ಜನ ಹೊರಟರೆ ಬಸ್ಸು. ಐವರು ಕೂತರೆ 25 ರೂಪಾಯಿ ತಲೆಗೆ ಐದಾಗುತ್ತದೆ, ಆಗ ಕಾರು. ಎರಡು, ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಲೇಬೇಕು, ನಿಲ್ಲಿಸಿ ಕೆಡಿಸಬಾರದು. ಮೂರು, ಒಂದೇ ರಿಪೇರಿಗೆ 30,000ಕ್ಕಿಂತ ಹೆಚ್ಚು ಬೇಕಾದ ದಿನ, ಅಂದರೆ ಇಂಜಿನ್ ಮೂರನೆಯ ಸಲ ಬೋರಿಗೆ ಬಂದ ದಿನ, ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಬೇಕು. ಆ ದಿನ ಯಾರೂ ವಾದ ಮಾಡಬಾರದು. ನಾಲ್ಕು, 'ಆ' ಎಂಬ ಸಾಲಿಗೆ ಈ ಯಾವ ನಿಯಮವೂ ಇಲ್ಲ. ಮಾವನವರ ಕಟ್ಟಳೆಯೇ ನಡೆಯುತ್ತದೆ.

ಹೆಚ್ಚಿನ 13,000ವನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. ತಿಂಗಳಿಗೆ ಸಾವಿರ ಚಿಲ್ಲರೆ. ಬೆಳಿಗ್ಗೆ ಕಾಫಿ ಕುಡಿದು ಬಟ್ಟೆ ಹಿಡಿದು ಶೆಡ್ಡಿಗೆ ಹೋಗುವ ಒಬ್ಬರಿಗೆ ಮಾಡುವ ಆ ಖರ್ಚು ನನಗೆ ಹೆಚ್ಚೆನಿಸಲಿಲ್ಲ. ಎಷ್ಟು ಎಂದು ತಿಳಿದು ಕೊಡುತ್ತಿದ್ದೇನೆ, ಅಷ್ಟೇ.

ಬ್ರೇಕು, ದೀಪ, ಹಾರ್ನು, ಚಾಸಿ ನಂಬರ್ ಎಲ್ಲವನ್ನೂ ಇನ್‌ಸ್ಪೆಕ್ಟರು ನೋಡಿದರು. ಕಾರು ತಪಾಸಣೆಯಲ್ಲಿ ಪಾಸಾಯಿತು. 2031ರವರೆಗೆ ರಸ್ತೆಯಲ್ಲಿ ಓಡಬಹುದು.

ನೀವೂ ಲೆಕ್ಕ ಬರೆಯಿರಿ

ನಿಮ್ಮ ಮನೆಯ ಸ್ಕೂಟರಿಗೋ ಬೈಕಿಗೋ ಕಾರಿಗೋ ಇದೇ ಲೆಕ್ಕ ಹಾಕಿ. ಒಂದು ದಿನ ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆದುಕೊಳ್ಳಿ. ಮುಂದಿನ ಸಲವೂ ಪೂರ್ತಿ ತುಂಬಿಸಿ. ಈ ನಡುವೆ ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ. ಆಮೇಲೆ ತಾತನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ವಿಮೆ, ಟೈರು, ಸರ್ವಿಸ್, ಬ್ಯಾಟರಿ ಖರ್ಚುಗಳನ್ನು ಕೇಳಿ ಬರೆಯಿರಿ. ಟೈರಿನಂತೆ ಹಲವು ವರ್ಷ ಬರುವ ವಸ್ತುವಿನ ಬೆಲೆಯನ್ನು ಅಷ್ಟು ವರ್ಷಗಳಿಗೆ ಹಂಚಿ. ಎಲ್ಲವನ್ನೂ ಕೂಡಿಸಿ, ವರ್ಷಕ್ಕೆ ಓಡಿದ ಕಿಲೋಮೀಟರಿನಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯ ಕೀ ನೇತುಹಾಕುವ ಮೊಳೆಯ ಪಕ್ಕ ಅಂಟಿಸಿ. ಬೀದಿಯ ತುದಿಯ ಅಂಗಡಿಗೆ ಹೋಗಲು ಯಾರಾದರೂ ಕೀಗೆ ಕೈ ಹಾಕಿದಾಗ ಅದು ಕಣ್ಣಿಗೆ ಬೀಳಲಿ.